ಲ್ಯುಕೇಮಿಯಾದ ಗುರಿಕೇಂದ್ರಿತ ಔಷಧಗಳು ಮತ್ತು ಯಕೃತ್ತಿನ ತೊಂದರೆ

ಲ್ಯುಕೇಮಿಯಾದ ಗುರಿಕೇಂದ್ರಿತ ಔಷಧಗಳಿಂದಾಗುವ ಯಕೃತ್ತಿನ ತೊಂದರೆ ಎಂದರೆ, ರಕ್ತದ ಕ್ಯಾನ್ಸರ್ ಕೋಶದೊಳಗಿನ ಒಂದು ನಿರ್ದಿಷ್ಟ ಪ್ರೋಟೀನನ್ನು ತಡೆಯಲೆಂದು ಕೊಡುವ ಔಷಧದಿಂದ ಯಕೃತ್ತಿನ ಕೋಶಗಳಿಗೋ ಪಿತ್ತರಸದ ಹರಿವಿಗೋ ಒದಗುವ ಹಾನಿ. ರಕ್ತಪರೀಕ್ಷೆಯಲ್ಲಷ್ಟೇ ಕಾಣುವ ಏರುಪೇರಿನಿಂದ ಹಿಡಿದು ಕಾಮಾಲೆ, ಯಕೃತ್ ವೈಫಲ್ಯದವರೆಗೆ ಇದರ ಹರವು. ಆಡುಮಾತಿನಲ್ಲಿ ಲಿವರ್ ಎಂದೂ ಪಠ್ಯಪುಸ್ತಕಗಳಲ್ಲಿ ಪಿತ್ತಜನಕಾಂಗ ಎಂದೂ ಕರೆಯುವ ಅಂಗವನ್ನು ಇಲ್ಲಿ ಯಕೃತ್ತು ಎಂದಿದೆ. ಲ್ಯುಕೇಮಿಯಾದ ಹಲವು ಬಗೆಗಳಲ್ಲಿ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾವನ್ನು, ಅಂದರೆ ಸಿಎಂಎಲ್ ಅನ್ನು, ಮುಖ್ಯವಾಗಿ ತೆಗೆದುಕೊಂಡಿದೆ. ಗುರಿಕೇಂದ್ರಿತ ಮಾತ್ರೆಗಳನ್ನು ವರ್ಷಗಟ್ಟಲೆ ಮನೆಯಲ್ಲೇ ನುಂಗುವವರು ಹೆಚ್ಚಾಗಿ ಈ ರೋಗಿಗಳೇ. ಔಷಧ ಬರೆದುಕೊಡುವ ಆಸ್ಪತ್ರೆಗೂ ಅದನ್ನು ನುಂಗುವ ಊರಿಗೂ ನಡುವಿನ ಅಂತರ ಈ ತೊಂದರೆಯ ಸ್ವರೂಪವನ್ನೇ ಬದಲಿಸುವುದರಿಂದ, ಬೆಂಗಳೂರಿನ ಚಿಕಿತ್ಸೆಯನ್ನು ನೆಚ್ಚಿಕೊಂಡಿರುವ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಔಷಧವೊಂದೇ ಯಕೃತ್ತನ್ನು ಅಪಾಯದ ಅಂಚಿಗೆ ತಳ್ಳುವುದು ಅಪರೂಪ. ಜೊತೆಗೆ ಸೇರುವ ಬೇರೆ ಔಷಧಿಗಳು, ಮೊದಲೇ ಇದ್ದ ವೈರಸ್ ಸೋಂಕು, ಕೈತಪ್ಪಿದ ಪರೀಕ್ಷೆ ಮತ್ತು ರೋಗಿ ತಾನಾಗಿಯೇ ಮಾತ್ರೆ ನಿಲ್ಲಿಸುವುದು, ಇವುಗಳೇ ಸಣ್ಣ ಏರುಪೇರನ್ನು ದೊಡ್ಡ ಕೇಡಾಗಿಸುತ್ತವೆ.

ಹಿನ್ನೆಲೆ

1960ರಲ್ಲಿ ಅಮೆರಿಕದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಸಿಎಂಎಲ್ ರೋಗಿಗಳ ರಕ್ತಕೋಶಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ಕ್ರೋಮೋಸೋಮನ್ನು ಕಂಡರು. ಅವರ ಊರಿನ ಹೆಸರಿನಿಂದ ಅದಕ್ಕೆ ಫಿಲಡೆಲ್ಫಿಯಾ ಕ್ರೋಮೋಸೋಮ್ ಎಂಬ ಹೆಸರು ಬಂತು. 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಪರಸ್ಪರ ಸ್ಥಳ ಬದಲಿಸಿಕೊಂಡದ್ದರಿಂದ ಇದು ಉಂಟಾಗುತ್ತದೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಈ ಬೆಸುಗೆಯಿಂದ ಬಿಸಿಆರ್-ಎಬಿಎಲ್ ಎಂಬ ಹೊಸ ಪ್ರೋಟೀನು ಹುಟ್ಟುತ್ತದೆ. ಟೈರೋಸಿನ್ ಕೈನೇಸ್ ಎಂಬ ಕಿಣ್ವಗಳ ಗುಂಪಿಗೆ ಸೇರಿದ ಅದು ಬಿಳಿರಕ್ತಕಣಗಳ ಹೆಚ್ಚಳಕ್ಕೆ ಬಿಡುವಿಲ್ಲದೆ ಆಜ್ಞೆ ಕೊಡುತ್ತಲೇ ಇರುತ್ತದೆ. ಆ ಕಿಣ್ವದ ಶಕ್ತಿಮೂಲದ ಜಾಗದಲ್ಲಿ ಕುಳಿತು ಅದನ್ನು ನಿಷ್ಕ್ರಿಯಗೊಳಿಸುವ ಇಮಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2001ರ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಇದ್ದದ್ದು ಬುಸಲ್ಫಾನ್, ಹೈಡ್ರಾಕ್ಸಿಯೂರಿಯಾ, ಇಂಟರ್‌ಫೆರಾನ್ ಮತ್ತು ಕೆಲವರಿಗಷ್ಟೇ ಸಾಧ್ಯವಾಗುತ್ತಿದ್ದ ಮಜ್ಜೆಯ ಕಸಿ. ರೋಗಿಗಳು ಸಾಮಾನ್ಯವಾಗಿ ಬದುಕುತ್ತಿದ್ದುದು ಕೆಲವೇ ವರ್ಷ. 1,106 ರೋಗಿಗಳ ಐರಿಸ್ ಅಧ್ಯಯನದಲ್ಲಿ ಇಮಾಟಿನಿಬ್ ಗುಂಪಿನ ಶೇ. 83ರಷ್ಟು ಮಂದಿ 10 ವರ್ಷದ ಬಳಿಕವೂ ಬದುಕಿದ್ದರು. ಯಕೃತ್ತಿನ ಪ್ರಶ್ನೆಗೆ ಮಹತ್ವ ಬಂದದ್ದೂ ಇದರಿಂದಲೇ. ರೋಗಿ ಹತ್ತಿಪ್ಪತ್ತು ವರ್ಷ ದಿನವೂ ಒಂದೇ ಮಾತ್ರೆ ನುಂಗಬೇಕಾದಾಗ, ಅದನ್ನು ದಿನವೂ ಅರಗಿಸಬೇಕಾದ ಅಂಗದ ಸ್ಥಿತಿ ಚಿಕಿತ್ಸೆಯ ಭಾಗವೇ ಆಗುತ್ತದೆ.

ಭಾರತದಲ್ಲಿ ಈ ಔಷಧ ಸಾಮಾನ್ಯರ ಕೈಗೆ ಸಿಕ್ಕ ಬಗೆಯೂ ಇಲ್ಲಿ ಮುಖ್ಯ. ಇಮಾಟಿನಿಬ್‌ನ ಮೂಲ ತಯಾರಕ ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಆಗುತ್ತಿದ್ದಾಗ, ನ್ಯಾಟ್ಕೊ ಮೊದಲಾದ ಭಾರತೀಯ ಕಂಪನಿಗಳ ಜೆನೆರಿಕ್ ಮಾತ್ರೆ 10 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿತ್ತು. 2002ರಿಂದ ಮ್ಯಾಕ್ಸ್ ಫೌಂಡೇಶನ್ ಮೂಲಕ ನಡೆದ ಸಹಾಯ ಕಾರ್ಯಕ್ರಮವೊಂದು ಅನೇಕ ರೋಗಿಗಳಿಗೆ ಗ್ಲಿವೆಕ್ ಅನ್ನು ಉಚಿತವಾಗಿ ತಲುಪಿಸಿತು. ಚೆನ್ನೈನ ಪೇಟೆಂಟ್ ಕಚೇರಿ 2006ರಲ್ಲಿ ತಿರಸ್ಕರಿಸಿದ್ದ ನೊವಾರ್ಟಿಸ್‌ನ ಪೇಟೆಂಟ್ ಅರ್ಜಿಯ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2013ರ ಏಪ್ರಿಲ್ 1ರಂದು ಕಂಪನಿಗೆ ವಿರುದ್ಧವಾಗಿ ಮುಗಿಯಿತು. ಆ ನಂತರ ಬೆಲೆ ಇನ್ನಷ್ಟು ಇಳಿದು, ಇಂದು ಇಮಾಟಿನಿಬ್ ಆಯುಷ್ಮಾನ್ ಭಾರತ ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲೂ ಇದೆ. ಮಾತ್ರೆ ಹಳ್ಳಿಯವರೆಗೆ ಬಂದಷ್ಟು ಬೇಗ ಅದರ ಜೊತೆಗಿರಬೇಕಾದ ನಿಗಾ ಬರಲಿಲ್ಲವೆಂಬುದು ಮುಂದಿನ ಚರ್ಚೆಗೆ ಹಿನ್ನೆಲೆ.

ಯಕೃತ್ತಿನಲ್ಲಿ ನಡೆಯುವುದು

ಇಮಾಟಿನಿಬ್ ಕರುಳಿನಿಂದ ಹೀರಲ್ಪಟ್ಟು ಯಕೃತ್ತಿಗೆ ಬಂದು, ಸಿವೈಪಿ3ಎ4 ಎಂಬ ಕಿಣ್ವದಿಂದ ಒಡೆಯುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 18 ಗಂಟೆ ಬೇಕು. ಒಡೆದು ಬಂದ ಮುಖ್ಯ ವಸ್ತುವಿಗೆ ಸುಮಾರು 40 ಗಂಟೆ. ದಿನಕ್ಕೊಂದೇ ಸಲ ನುಂಗಿದರೆ ಸಾಕಾಗುವುದು ಈ ಕಾರಣಕ್ಕೆ. ಹೊರಹೋಗುವುದು ಬಹುಪಾಲು ಪಿತ್ತರಸದ ಮೂಲಕ ಮಲದಲ್ಲಿ. ಹಾನಿ ಹೇಗಾಗುತ್ತದೆಂಬುದಕ್ಕೆ ಒಂದೇ ಉತ್ತರವಿಲ್ಲ. ಒಡೆಯುವಾಗ ಹುಟ್ಟುವ ಚುರುಕಾದ ಮಧ್ಯಂತರ ವಸ್ತುಗಳು, ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾಕ್ಕೆ ಬೀಳುವ ಪೆಟ್ಟು, ದೇಹದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬೀಳುವುದು, ಈ ಮೂರನ್ನೂ ವೈದ್ಯವಿಜ್ಞಾನ ಪರಿಗಣಿಸುತ್ತದೆ. ಗಂಭೀರ ಹಾನಿ ಬಹುತೇಕ ವ್ಯಕ್ತಿವಿಶಿಷ್ಟವಾದದ್ದು. ಒಂದೇ ಪ್ರಮಾಣದ ಔಷಧ ನುಂಗಿದ ಬಹುಪಾಲು ಜನರಿಗೆ ಏನೂ ಆಗದೆ, ಒಬ್ಬರಿಗೆ ಮಾತ್ರ ಕಾಮಾಲೆ ಬರಬಹುದು. ಸ್ಟೀರಾಯ್ಡ್ ಕೊಟ್ಟಾಗ ಕೆಲವರಲ್ಲಿ ಏರುಪೇರು ಇಳಿಯುವುದರಿಂದ ನಿರೋಧಕ ವ್ಯವಸ್ಥೆಯ ಪಾತ್ರಕ್ಕೆ ಬಲ ಬಂದಿದೆ.

ಎಷ್ಟು ಮಂದಿಗೆ ಆಗುತ್ತದೆಂಬ ಲೆಕ್ಕವನ್ನು ಎಚ್ಚರದಿಂದ ಓದಬೇಕು. ಇಮಾಟಿನಿಬ್‌ನ ಅಧಿಕೃತ ಔಷಧಪತ್ರದ ಪ್ರಕಾರ ಸಿಎಂಎಲ್ ರೋಗಿಗಳಲ್ಲಿ ಯಕೃತ್ತಿನ ಕಿಣ್ವ ಅಥವಾ ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ತೀವ್ರವಾಗಿ ಏರಿದ್ದು ಸುಮಾರು ಶೇ. 5 ಮಂದಿಯಲ್ಲಿ, ಪ್ರಮಾಣ ಇಳಿಸಿಯೋ ಕೆಲಕಾಲ ನಿಲ್ಲಿಸಿಯೋ ಅದನ್ನು ನಿಭಾಯಿಸಲಾಯಿತು, ಒಂದೊಂದು ಸಲದ ಏರಿಕೆ ಸಾಮಾನ್ಯವಾಗಿ ಒಂದು ವಾರದಷ್ಟಿತ್ತು. ಇದೇ ಕಾರಣಕ್ಕೆ ಔಷಧವನ್ನು ಶಾಶ್ವತವಾಗಿ ಬಿಡಬೇಕಾಗಿ ಬಂದದ್ದು ಶೇ. 1ಕ್ಕಿಂತ ಕಡಿಮೆ ಮಂದಿಗೆ. ಸಣ್ಣ ಏರಿಕೆ ಇದಕ್ಕಿಂತ ಹೆಚ್ಚು ಜನರಲ್ಲಿ ಕಾಣುತ್ತದೆ, ಬಹಳಷ್ಟು ಸಲ ಔಷಧ ಮುಂದುವರಿಸಿದರೂ ತಾನೇ ಇಳಿಯುತ್ತದೆ. ಕಾಣಿಸಿಕೊಳ್ಳುವ ಕಾಲ ಹೆಚ್ಚಾಗಿ ಚಿಕಿತ್ಸೆ ಆರಂಭಿಸಿದ 2ರಿಂದ 6 ತಿಂಗಳೊಳಗೆ. ಕೆಲವರಲ್ಲಿ ಮೊದಲ ವಾರದಲ್ಲೇ, ಇನ್ನು ಕೆಲವರಲ್ಲಿ ವರ್ಷಗಳ ನಂತರ. ಹೀಗೆ ಸಣ್ಣ ಏರಿಕೆ ಸಾಮಾನ್ಯ, ದೊಡ್ಡ ಹಾನಿ ವಿರಳ. ಆದರೆ ಸಣ್ಣ ಏರಿಕೆಯಲ್ಲಿ ನೋವಿಲ್ಲ, ಹಳದಿಯಿಲ್ಲ, ಪರೀಕ್ಷೆಯಿಲ್ಲದೆ ಗೊತ್ತಾಗುವುದಿಲ್ಲ. ಇಮಾಟಿನಿಬ್‌ನಿಂದ ಚರ್ಮದ ಬಣ್ಣ ತಿಳಿಯಾಗುವುದು ಭಾರತೀಯರಲ್ಲಿ ಹೆಚ್ಚಾಗಿ ಕಾಣುವ ಸಂಗತಿ. ಆ ಬಿಳಿಚಿದ ಮೈಬಣ್ಣವನ್ನು ನೋಡಿ ಕಾಮಾಲೆಯನ್ನು ಅಳೆಯಲಾಗದು. ನೋಡಬೇಕಾದುದು ಕಣ್ಣಿನ ಬಿಳಿಭಾಗವನ್ನು ಮತ್ತು ಮೂತ್ರದ ಬಣ್ಣವನ್ನು.

ಬಗೆಗಳು

ಗುರಿಕೇಂದ್ರಿತ ಔಷಧಗಳೆಲ್ಲ ಯಕೃತ್ತಿನ ಮೇಲೆ ಒಂದೇ ರೀತಿ ವರ್ತಿಸುವುದಿಲ್ಲ. ಇಮಾಟಿನಿಬ್‌ನಲ್ಲಿ ಮುಖ್ಯವಾಗಿ ಯಕೃತ್ ಕೋಶಗಳೇ ಹಾನಿಗೊಂಡು ಕಿಣ್ವ ರಕ್ತಕ್ಕೆ ಸೋರುತ್ತದೆ. 2007ರಲ್ಲಿ ಬಂದ ನೈಲೋಟಿನಿಬ್ ಯುಜಿಟಿ1ಎ1 ಎಂಬ ಕಿಣ್ವವನ್ನು ತಡೆಯುವುದರಿಂದ ಬಿಲಿರುಬಿನ್ ಏರುತ್ತದೆ. ಹುಟ್ಟಿನಿಂದಲೇ ಆ ಕಿಣ್ವ ಕಡಿಮೆಯಿರುವ ಗಿಲ್ಬರ್ಟ್ ಲಕ್ಷಣದವರಲ್ಲಿ ಈ ಏರಿಕೆ ಎದ್ದು ಕಾಣುತ್ತದೆ. ಕಣ್ಣು ತುಸು ಹಳದಿಯಾದರೂ ಕೋಶಗಳಿಗೆ ಹಾನಿಯಾಗಿರುವುದಿಲ್ಲ. ಕಾಮಾಲೆ ಕಂಡಾಕ್ಷಣ ಯಕೃತ್ತು ಕೆಟ್ಟಿದೆ ಎನ್ನುವ ತೀರ್ಮಾನ ಇಲ್ಲಿ ತಪ್ಪಾಗುತ್ತದೆ. 2006ರ ದಾಸಾಟಿನಿಬ್‌ನಲ್ಲಿ ಯಕೃತ್ತಿಗಿಂತ ಶ್ವಾಸಕೋಶದ ಸುತ್ತ ನೀರು ತುಂಬುವುದು ದೊಡ್ಡ ಚಿಂತೆ. 2012ರಲ್ಲಿ ಬಂದ ಬೋಸುಟಿನಿಬ್ ಭೇದಿಯ ಜೊತೆಗೆ ಕಿಣ್ವ ಏರಿಕೆಗೂ ಹೆಸರಾದದ್ದು. ಅದೇ ವರ್ಷದ ಪೊನಾಟಿನಿಬ್ ಮಾತ್ರ ಬೇರೆಯೇ ದರ್ಜೆಯದು: ಯಕೃತ್ ವೈಫಲ್ಯ, ರಕ್ತನಾಳ ಮುಚ್ಚುವಿಕೆಗಳ ಬಗ್ಗೆ ಅದರ ಔಷಧಪತ್ರದ ಮೇಲ್ಭಾಗದಲ್ಲೇ ಚೌಕಟ್ಟು ಹಾಕಿ ಎಚ್ಚರಿಸಲಾಗಿದೆ. ಒಂದು ಔಷಧದಿಂದ ಯಕೃತ್ತು ನೊಂದರೆ ಇನ್ನೊಂದರಿಂದಲೂ ನೋಯಬೇಕೆಂದೇನಿಲ್ಲ. ಇಮಾಟಿನಿಬ್ ತಾಳದವರು ದಾಸಾಟಿನಿಬ್ ಅಥವಾ ನೈಲೋಟಿನಿಬ್ ಅನ್ನು ತೊಂದರೆಯಿಲ್ಲದೆ ತೆಗೆದುಕೊಂಡ ವರದಿಗಳು ಸಾಕಷ್ಟಿವೆ.

ಸಿಎಂಎಲ್‌ನ ಆಚೆಗೆ ಹೋದರೆ ಚಿತ್ರ ಇನ್ನೂ ಬೇರೆ. ದೀರ್ಘಕಾಲಿಕ ಲಿಂಫಾಯ್ಡ್ ಲ್ಯುಕೇಮಿಯಾಕ್ಕೆ ಬಳಸುವ ಐಡೆಲಾಲಿಸಿಬ್ ನಿರೋಧಕ ವ್ಯವಸ್ಥೆಯನ್ನು ಕೆರಳಿಸಿ ಪ್ರಾಣಾಂತಿಕ ಯಕೃತ್ ಉರಿಯೂತವನ್ನೂ ತರಬಲ್ಲದು. ತೀವ್ರ ಲ್ಯುಕೇಮಿಯಾಗಳಿಗೆ ಕೊಡುವ ಜೆಮ್ಟುಜುಮಾಬ್, ಇನೊಟುಜುಮಾಬ್ ಎಂಬ ಔಷಧಸಹಿತ ಪ್ರತಿಕಾಯಗಳಲ್ಲಿ ಯಕೃತ್ತಿನೊಳಗಿನ ಸೂಕ್ಷ್ಮ ರಕ್ತನಾಳಗಳೇ ಮುಚ್ಚಿಕೊಂಡು ಹೊಟ್ಟೆ ಉಬ್ಬುವ, ತೂಕ ಏರುವ ಅಪಾಯವಿದೆ. ಮಜ್ಜೆಯ ಕಸಿ ಆದವರಲ್ಲಿ ಇದು ಇನ್ನೂ ಹೆಚ್ಚು. ಈ ಪ್ರತಿಕಾಯಗಳು ಆಸ್ಪತ್ರೆಯಲ್ಲೇ ಕೊಡುವ ಔಷಧಗಳಾದ್ದರಿಂದ ನಿಗಾ ಸಹಜವಾಗಿಯೇ ಇರುತ್ತದೆ. ಮನೆಯಲ್ಲಿ ನುಂಗುವ ಮಾತ್ರೆಗೆ ಆ ಅನುಕೂಲವಿಲ್ಲ.

ಪತ್ತೆ ಮತ್ತು ನಿರ್ವಹಣೆ

ಚಿಕಿತ್ಸೆ ಆರಂಭಿಸುವ ಮೊದಲೇ ಎಲ್‌ಎಫ್‌ಟಿ ಎಂದು ಕರೆಯುವ ಯಕೃತ್ ಪರೀಕ್ಷೆ ಆಗಬೇಕು. ಆರಂಭದಲ್ಲಿ ತಿಂಗಳಿಗೊಮ್ಮೆ, ಬಳಿಕ ವೈದ್ಯರು ಹೇಳಿದ ಅಂತರದಲ್ಲಿ ಅದು ಮರುಕಳಿಸುತ್ತಿರಬೇಕು. ಪರೀಕ್ಷೆಯ ಚೀಟಿಯಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂದು ಇರುವುವೇ ಎಎಲ್‌ಟಿ, ಎಎಸ್‌ಟಿ ಕಿಣ್ವಗಳು. ಎಸ್‌ಜಿಪಿಟಿಯ ಸಹಜ ಮೇಲ್ಮಿತಿ 40 ಎಂದು ಹಿಡಿದರೆ, ಅದು 5 ಪಟ್ಟು ಮೀರಿದಾಗ, ಅಂದರೆ 200 ದಾಟಿದಾಗ, ಇಮಾಟಿನಿಬ್ ನಿಲ್ಲಿಸಬೇಕೆಂಬುದು ಔಷಧಪತ್ರದ ಸೂಚನೆ. ಬಿಲಿರುಬಿನ್‌ಗೆ ಈ ಗಡಿ ಮೇಲ್ಮಿತಿಯ 3 ಪಟ್ಟು, ಮೇಲ್ಮಿತಿ 1.2 ಮಿಲಿಗ್ರಾಂ ಆಗಿದ್ದರೆ 3.6. ಮತ್ತೆ ಆರಂಭಿಸಲು ಕಿಣ್ವ ಎರಡೂವರೆ ಪಟ್ಟಿಗೂ, ಬಿಲಿರುಬಿನ್ ಒಂದೂವರೆ ಪಟ್ಟಿಗೂ ಕೆಳಗಿಳಿದಿರಬೇಕು. ಆಗ ದಿನಕ್ಕೆ 400 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದವರಿಗೆ 300, 600 ತೆಗೆದುಕೊಳ್ಳುತ್ತಿದ್ದವರಿಗೆ 400. ಇವು ವೈದ್ಯರ ಗಡಿಗಳು, ರೋಗಿ ಮನೆಯಲ್ಲಿ ಕುಳಿತು ಜಾರಿಗೆ ತರುವ ನಿಯಮಗಳಲ್ಲ. ಈ ಬಿಡಿ ಅಂಕಿಗಳಿಗಿಂತ ಮುಖ್ಯವಾದ ಒಂದು ಜೋಡಿಯೂ ಇದೆ: ಕಿಣ್ವ 3 ಪಟ್ಟು ಮೀರಿ, ಅದರ ಜೊತೆಗೇ ಬಿಲಿರುಬಿನ್ 2 ಪಟ್ಟು ಮೀರಿದರೆ, ಪಿತ್ತನಾಳದ ಅಡಚಣೆಯಿಲ್ಲದಿದ್ದರೆ, ಅದು ಗಂಭೀರ ಹಾನಿಯ ಸೂಚನೆ. ಹೈಮನ್ ಜಿಮ್ಮರ್‌ಮನ್ ಅವರ ಹೆಸರಿನಲ್ಲಿ ಹೈ ನಿಯಮ ಎನಿಸಿಕೊಂಡಿರುವ ಇದು ಕಂಡಾಗ ಹತ್ತರಲ್ಲಿ ಒಬ್ಬರಾದರೂ ಸಾಯುವ ಸಾಧ್ಯತೆ ಇರುತ್ತದೆ. ಎರಡು ಅಂಕಿಗಳಲ್ಲಿ ಒಂದನ್ನೇ ನೋಡಿ ಇನ್ನೊಂದನ್ನು ಕೈಬಿಟ್ಟ ಪರೀಕ್ಷೆ ಅರೆಬರೆ ಪರೀಕ್ಷೆ ಎನ್ನುವುದು ಇದಕ್ಕೇ.

ಔಷಧ ನಿಲ್ಲಿಸಿ ಕಾದ ಮೇಲೂ ಏರಿಕೆ ಇಳಿಯದಿದ್ದರೆ ಯಕೃತ್ ತಜ್ಞರು ಬೇರೆ ಕಾರಣ ಹುಡುಕುತ್ತಾರೆ: ವೈರಲ್ ಹೆಪಟೈಟಿಸ್, ಪಿತ್ತಕೋಶದ ಕಲ್ಲು, ಕೊಬ್ಬು ತುಂಬಿದ ಯಕೃತ್ತು, ಮದ್ಯ, ಲ್ಯುಕೇಮಿಯಾ ಕೋಶಗಳೇ ಯಕೃತ್ತಿಗೆ ನುಗ್ಗಿರುವುದು. ಮೊದಲ ವಾರಗಳಲ್ಲಿ ಯೂರಿಕ್ ಆಮ್ಲ ತಡೆಯಲು ಕೊಡುವ ಅಲೊಪ್ಯುರಿನಾಲ್ ಕೂಡ ಕೆಲವರಲ್ಲಿ ಯಕೃತ್ತಿಗೆ ಹಾನಿ ಮಾಡುವುದುಂಟು. ಇಮಾಟಿನಿಬ್ ಮೇಲೆ ತಪ್ಪು ಹೊರಿಸುವ ಮುನ್ನ ಅದನ್ನೂ ನೋಡಬೇಕು. ಕೆಲವರಿಗೆ ಸ್ಟೀರಾಯ್ಡ್ ಜೊತೆಗೆ ಇಮಾಟಿನಿಬ್ ಮರಳಿ ಆರಂಭಿಸಿದ್ದೂ ಇದೆ, ಕೆಲವರಿಗೆ ಔಷಧವನ್ನೇ ಬದಲಿಸಿದ್ದೂ ಇದೆ.

ಜೊತೆಗೂಡುವ ಕಾರಣಗಳು

ಇಮಾಟಿನಿಬ್‌ನ ಆರಂಭದ ಅಧ್ಯಯನಗಳಲ್ಲಿ ಯಕೃತ್ ವೈಫಲ್ಯದಿಂದ ತೀರಿಕೊಂಡ ಒಬ್ಬ ರೋಗಿ ಜ್ವರಕ್ಕೆಂದು ನಿತ್ಯ ಪ್ಯಾರಾಸಿಟಮಾಲ್ ತೆಗೆದುಕೊಳ್ಳುತ್ತಿದ್ದರು. ಒಂದು ಪ್ರಕರಣದಿಂದ ಕಾರಣಸಂಬಂಧ ಸಿದ್ಧವಾಗದು. ಆದರೆ ಪ್ಯಾರಾಸಿಟಮಾಲನ್ನು ನಿರುಪದ್ರವಿಯಾಗಿಸುವ ಯಕೃತ್ತಿನ ದಾರಿಯೊಂದನ್ನು ಇಮಾಟಿನಿಬ್ ತಡೆಯಬಲ್ಲದೆಂದು ಪ್ರಯೋಗಾಲಯದ ಕೆಲಸ ತೋರಿಸಿರುವುದರಿಂದ ಎಚ್ಚರಿಕೆಗೆ ಆಧಾರವಿದೆ. ಕರ್ನಾಟಕದ ಯಾವ ಅಂಗಡಿಯಲ್ಲೂ ಡೋಲೋ, ಕ್ರೋಸಿನ್ ಎಂದು ಕೇಳಿದರೆ ಚೀಟಿಯಿಲ್ಲದೆ ಸಿಗುವುದು ಇದೇ ಪ್ಯಾರಾಸಿಟಮಾಲ್. ನೆಗಡಿ, ಮೈಕೈ ನೋವಿನ ಸಂಯುಕ್ತ ಮಾತ್ರೆಗಳಲ್ಲೂ ಅದು ಅಡಗಿರುತ್ತದೆ. ಹೀಗಾಗಿ ಒಂದೇ ದಿನದಲ್ಲಿ ಎರಡು ಮೂರು ಹೆಸರಿನ ಮಾತ್ರೆಗಳಿಂದ ಒಂದೇ ವಸ್ತು ದುಪ್ಪಟ್ಟಾಗಿ ಒಳಹೋಗಬಹುದು. ಜ್ವರ ಬಂದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಲೇಬಾರದೆಂದಲ್ಲ. ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು.

ಎರಡನೆಯದು ಹೆಪಟೈಟಿಸ್ ಬಿ. ಭಾರತದಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಮಂದಿಯ ಮೈಯಲ್ಲಿ ಈ ವೈರಸ್ ಸುಮ್ಮನೆ ಕೂತಿರುತ್ತದೆ. ಬಿಸಿಆರ್-ಎಬಿಎಲ್ ತಡೆಯುವ ಔಷಧಗಳು ಅದನ್ನು ಎಬ್ಬಿಸಬಲ್ಲವೆಂದು ಯೂರೋಪಿನ ಔಷಧ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿ, ಚಿಕಿತ್ಸೆಗೆ ಮೊದಲು ಎಲ್ಲರಿಗೂ ಪರೀಕ್ಷೆ ಮಾಡಬೇಕೆಂದಿತು. ದೇಶದ ಮಕ್ಕಳೆಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ ಸಿಗುವಂತಾದದ್ದು 2011ರ ಹೊತ್ತಿಗೆ. ಭಾರತದಲ್ಲಿ ಸಿಎಂಎಲ್ ಹೆಚ್ಚಾಗಿ ಕಾಣುವುದು 30ರಿಂದ 45ರ ವಯಸ್ಸಿನಲ್ಲಿ, ಪಶ್ಚಿಮದಲ್ಲಿ 60ರ ಆಸುಪಾಸಿನಲ್ಲಿ; ಇಲ್ಲಿನ ರೋಗಿಗಳಲ್ಲಿ ಬಹುಪಾಲು ಮಂದಿ ಲಸಿಕೆ ಬರುವ ಮುನ್ನ ಹುಟ್ಟಿದವರು. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಲ್ಲಿ ಆರಂಭವಾದ ಮೇಲೆ ಪರೀಕ್ಷೆಯೂ ಔಷಧವೂ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಒಂದೇ ರಕ್ತಪರೀಕ್ಷೆಯಿಂದ ತಪ್ಪಿಸಬಹುದಾದ ಅಪಾಯ ಇದು.

ಕ್ಷಯರೋಗದ ಔಷಧಿಗಳದ್ದು ಇಬ್ಬಗೆಯ ತೊಂದರೆ. ಐಸೊನಿಯಾಜಿಡ್, ಪೈರಾಜಿನಮೈಡ್‌ಗಳು ಸ್ವತಃ ಯಕೃತ್ತಿಗೆ ಹೊರೆ. ರಿಫಾಂಪಿಸಿನ್ ಸಿವೈಪಿ3ಎ4 ಅನ್ನು ಚುರುಕುಗೊಳಿಸಿ ರಕ್ತದಲ್ಲಿನ ಇಮಾಟಿನಿಬ್‌ನ ಒಟ್ಟು ಪ್ರಮಾಣವನ್ನು ಶೇ. 74ರಷ್ಟು ಇಳಿಸುತ್ತದೆ. ಇತ್ತ ಯಕೃತ್ತು ನೋಯುತ್ತದೆ, ಅತ್ತ ಕ್ಯಾನ್ಸರ್ ಔಷಧ ಕೆಲಸ ಮಾಡುವುದಿಲ್ಲ. ಫಿನಿಟಾಯಿನ್, ಕಾರ್ಬಮಜೆಪಿನ್ ಎಂಬ ಮೂರ್ಛೆರೋಗದ ಮಾತ್ರೆಗಳೂ ಈ ಎರಡನೇ ಕೆಲಸ ಮಾಡುತ್ತವೆ. ಇದಕ್ಕೆ ವಿರುದ್ಧವಾಗಿ ಗ್ರೇಪ್‌ಫ್ರೂಟ್ ಹಣ್ಣು ಆ ಕಿಣ್ವವನ್ನು ಮಂದಗೊಳಿಸುತ್ತದೆ. ಗ್ರೇಪ್‌ಫ್ರೂಟ್ ನಮ್ಮ ಚಕ್ಕೋತದ ಸಂತತಿಯೇ ಆದ್ದರಿಂದ ಚಕ್ಕೋತವನ್ನೂ ದೂರವಿಡುವುದು ಕ್ಷೇಮ.

ಕಾಮಾಲೆಯ ನಾಟಿ ಔಷಧಿ ಪ್ರತ್ಯೇಕ ಚರ್ಚೆಗೆ ಅರ್ಹ. ಹಳೇ ಮೈಸೂರು ಸೀಮೆಯಲ್ಲಿ ಕಣ್ಣು ಹಳದಿಯಾದರೆ ನೆಲನೆಲ್ಲಿಯ ರಸ, ಅಮೃತಬಳ್ಳಿ ಕಷಾಯ, ಜೊತೆಗೆ ಎಣ್ಣೆ ಉಪ್ಪಿಲ್ಲದ ಪಥ್ಯ, ಕಬ್ಬಿನ ಹಾಲು ರೂಢಿ. ಅಮೃತಬಳ್ಳಿ ಸೇವಿಸಿದವರಲ್ಲಿ ನಿರೋಧಕ ವ್ಯವಸ್ಥೆ ಕೆರಳಿ ಯಕೃತ್ತು ಉರಿಯೂತಕ್ಕೊಳಗಾದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದವನ್ನು ಪಕ್ಕಕ್ಕಿಟ್ಟರೂ, ಈಗಾಗಲೇ ನಿರೋಧಕ ಮೂಲದ ಹಾನಿಯ ಶಂಕೆ ಇರುವ ಯಕೃತ್ತಿಗೆ ಅದೇ ಬಗೆಯ ಶಂಕೆಯಿರುವ ಇನ್ನೊಂದನ್ನು ಸೇರಿಸಲು ಕಾರಣವಿಲ್ಲ. ನಾಟಿ ಔಷಧಿಯಿಂದ ಗುಣವಾದವರಿದ್ದಾರೆ ಎಂಬ ಮಾತು ನಿಜವೇ. ಅದರ ವಿವರಣೆ ಬೇರೆ. ಹೆಪಟೈಟಿಸ್ ಎ, ಇ ಕಾಮಾಲೆಗಳು ಬಹುತೇಕ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಇಮಾಟಿನಿಬ್‌ನ ಕಿಣ್ವ ಏರಿಕೆಯೂ ಮಾತ್ರೆ ನಿಲ್ಲಿಸಿದ ಬಳಿಕ ಇಳಿಯುತ್ತದೆ. ಪಥ್ಯ ಹಿಡಿಯುವಾಗ ಇಂಗ್ಲಿಷ್ ಮಾತ್ರೆ ಬಿಡಬೇಕೆಂದು ಹೇಳುವುದುಂಟು. ಮಾತ್ರೆ ನಿಂತದ್ದರಿಂದ ಬಂದ ಗುಣ ಹೀಗೆ ಸೊಪ್ಪಿನ ಲೆಕ್ಕಕ್ಕೆ ಸೇರುತ್ತದೆ, ಮಾತ್ರೆ ವಿಷವೆಂಬ ನಂಬಿಕೆ ಗಟ್ಟಿಯಾಗುತ್ತದೆ, ರೋಗಿ ಮತ್ತೆ ಅದನ್ನು ಮುಟ್ಟುವುದಿಲ್ಲ. ಪಥ್ಯದಲ್ಲಿ ಊಟ ತಗ್ಗುವ ಇನ್ನೊಂದು ತೊಡಕೂ ಇದೆ. ಇಮಾಟಿನಿಬ್ ಅನ್ನು ಹೊಟ್ಟೆ ತುಂಬ ಊಟ ಮಾಡಿ, ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು. ಬರಿಹೊಟ್ಟೆಯಲ್ಲಿ ವಾಕರಿಕೆ ಹೆಚ್ಚು. ನೈಲೋಟಿನಿಬ್‌ಗೆ ಇದೇ ತಲೆಕೆಳಗು: ಊಟವಾಗಿ ಎರಡು ಗಂಟೆ ಕಳೆದ ಮೇಲೆ ನುಂಗಿ, ಮುಂದಿನ ಊಟಕ್ಕೆ ಒಂದು ಗಂಟೆ ಕಾಯಬೇಕು. ಕಬ್ಬಿನ ಹಾಲಿನಿಂದ ಔಷಧಕ್ಕೆ ಅಡ್ಡಿಯೇನಿಲ್ಲ. ಮಧುಮೇಹಿಗಳಿಗೆ ಅದು ಬೇಡ; ರಸ್ತೆಬದಿಯ ಮಂಜುಗಡ್ಡೆಯ ನೀರು ಹೆಪಟೈಟಿಸ್ ಎ, ಇ ಗಳನ್ನು ತರಬಲ್ಲದು ಎಂಬ ಎಚ್ಚರ ಎಲ್ಲರಿಗೂ ಬೇಕು.

ಆಕ್ಷೇಪಗಳು

ಯಕೃತ್ತು ಹಾಳಾಗುವುದಾದರೆ ಮಾತ್ರೆಯನ್ನೇ ಬಿಡಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ಎರಡು ಅಪಾಯಗಳ ಹೋಲಿಕೆಯಲ್ಲಿದೆ. ಯಕೃತ್ತಿನ ಕಾರಣಕ್ಕೆ ಇಮಾಟಿನಿಬ್ ಶಾಶ್ವತವಾಗಿ ಬಿಡಬೇಕಾದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಚಿಕಿತ್ಸೆಯಿಲ್ಲದ ಸಿಎಂಎಲ್ ಕೆಲವೇ ವರ್ಷಗಳಲ್ಲಿ ತೀವ್ರ ಹಂತಕ್ಕೆ ತಿರುಗುತ್ತದೆ. ನಡುವಿನ ಸ್ಥಿತಿ, ಅಂದರೆ ಆಗೊಮ್ಮೆ ಈಗೊಮ್ಮೆ ನುಂಗುವುದು, ಕೂಡ ಸುರಕ್ಷಿತವಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ 87 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಗದಿತ ಪ್ರಮಾಣದ ಶೇ. 90ಕ್ಕಿಂತ ಹೆಚ್ಚು ನುಂಗಿದವರಲ್ಲಿ ಆರು ವರ್ಷದೊಳಗೆ ಉತ್ತಮ ಪ್ರತಿಕ್ರಿಯೆ ಸಿಗುವ ಸಾಧ್ಯತೆ ಶೇ. 94.5 ಇದ್ದರೆ, ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಶೇ. 28.4 ಮಾತ್ರ. ತಿಂಗಳಿಗೆ ಮೂರ್ನಾಲ್ಕು ದಿನ ತಪ್ಪಿದರೆ ಈ ಗಡಿ ದಾಟಿದಂತೆಯೇ. ವೈದ್ಯರು ಒಂದು ವಾರ ನಿಲ್ಲಿಸುವುದಕ್ಕೂ ರೋಗಿ ಒಂದು ವಾರ ಬಿಡುವುದಕ್ಕೂ ದಿನಗಳ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಮೊದಲನೆಯದಕ್ಕೆ ಮರಳಿ ಆರಂಭಿಸುವ ದಿನ ನಿಗದಿಯಾಗಿರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ.

ಅಗ್ಗದ ಜೆನೆರಿಕ್ ಮಾತ್ರೆಯಿಂದಲೇ ಯಕೃತ್ತು ಕೆಡುತ್ತದೆ ಎಂಬ ಮಾತೂ ಕೇಳಿಬರುತ್ತದೆ. ಮೇಲೆ ಹೇಳಿದ ಶೇ. 5ರ ಅಂಕಿ ಬಂದದ್ದು ಮೂಲ ಕಂಪನಿಯ ದುಬಾರಿ ಔಷಧದ ಅಧ್ಯಯನಗಳಿಂದ. ತೊಂದರೆ ಅಣುವಿನದು, ಡಬ್ಬಿಯ ಮೇಲಿನ ಹೆಸರಿನದಲ್ಲ. ತಿಂಗಳಿಗೊಂದು ಕಂಪನಿಯ ಮಾತ್ರೆ ಬದಲಾಯಿಸದಿರುವುದು ಮಾತ್ರ ಒಳ್ಳೆಯ ರೂಢಿ. ಏರಿಕೆ ಕಂಡಾಗ ಏನು ಬದಲಾಯಿತೆಂದು ಹುಡುಕುವುದು ಸುಲಭವಾಗುತ್ತದೆ. ಪರೀಕ್ಷೆ ಪ್ರತಿಸಲ ಸರಿಯಾಗಿಯೇ ಬರುವುದರಿಂದ ದುಡ್ಡು ದಂಡ ಎನ್ನುವವರ ವಾದದಲ್ಲಿ ಸ್ವಲ್ಪ ಹುರುಳಿದೆ. ಮೊದಲ ವರ್ಷ ಕಳೆದು ಎಲ್ಲವೂ ಸ್ಥಿರವಾಗಿದ್ದವರಿಗೆ ತಿಂಗಳಿಗೊಮ್ಮೆ ಬೇಕಿಲ್ಲ, ವೈದ್ಯರೂ ಅಂತರ ಹೆಚ್ಚಿಸುತ್ತಾರೆ. ಅಪಾಯ ಗುಂಪುಗೂಡಿರುವ ಮೊದಲ ಆರು ತಿಂಗಳಿಗೆ ಈ ವಾದ ಹೊಂದುವುದಿಲ್ಲ. ಹೊಸ ಔಷಧಿ ಸೇರಿದಾಗಲೂ ಹೊಂದುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ

ಭಾರತದಲ್ಲಿ ಸಿಎಂಎಲ್ ಹೊಸದಾಗಿ ಕಾಣುವ ಪ್ರಮಾಣ ವರ್ಷಕ್ಕೆ ಲಕ್ಷ ಗಂಡಸರಲ್ಲಿ 0.8ರಿಂದ 2.2, ಲಕ್ಷ ಹೆಂಗಸರಲ್ಲಿ 0.6ರಿಂದ 1.6 ಎಂದು ಪ್ರಕಟಿತ ಅಂದಾಜುಗಳಿವೆ. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಆ ದರವನ್ನು ಇಲ್ಲಿಗೆ ಅನ್ವಯಿಸಿದರೆ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 12ರಿಂದ 35 ಹೊಸ ರೋಗಿಗಳು. ಇದು ಲೆಕ್ಕಾಚಾರವೇ ಹೊರತು ಎಣಿಕೆಯಲ್ಲ. ಸಂಖ್ಯೆ ಸಣ್ಣದೆನಿಸಿದರೂ ಹಳಬರು ಬದುಕುಳಿದು ಹೊಸಬರು ಸೇರುತ್ತಲೇ ಇರುವುದರಿಂದ, ಯಾವುದೇ ದಿನ ಮಾತ್ರೆ ನುಂಗುತ್ತಿರುವವರು ನೂರರ ಲೆಕ್ಕದಲ್ಲಿರುತ್ತಾರೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮಾತ್ರ ಇಂಥ ರೋಗಿ ಒಬ್ಬರೋ ಇಬ್ಬರೋ. ಔಷಧದ ಹೆಸರೇ ಅಪರಿಚಿತವಾಗಿರುವ ಸಾಧ್ಯತೆ ಇದರಿಂದ.

ರೋಗಪತ್ತೆಗೂ ಚಿಕಿತ್ಸೆಗೂ ಇಲ್ಲಿಯವರು ಹೋಗುವುದು ಹೆಚ್ಚಾಗಿ ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಅಥವಾ ಮೈಸೂರಿಗೆ. ಕಿದ್ವಾಯಿ 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಮದ್ದೂರು ಮತ್ತು ಮಂಡ್ಯಕ್ಕೆ ಬೆಂಗಳೂರು-ಮೈಸೂರು ರೈಲು ಮಾರ್ಗವೂ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯೂ ಇವೆ. ಮಳವಳ್ಳಿಗೆ ರೈಲಿಲ್ಲ; ಕನಕಪುರದ ರಸ್ತೆ ಹಿಡಿದು ಬಸ್ಸಿನಲ್ಲೇ ಹೋಗಬೇಕು. ಭತ್ತದ ನಾಟಿಯ ಹೊತ್ತಿನಲ್ಲಿ, ಕಬ್ಬು ಕಟಾವಿನ ಹೊತ್ತಿನಲ್ಲಿ ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಕೂಲಿ ಹೋದಂತೆ. ಅಂಥವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟು ಕಳಿಸುವುದು ಕರುಣೆಯ ಕ್ರಮವೇ ಸರಿ. ಆ ಮೂರು ತಿಂಗಳು ಯಕೃತ್ತಿನ ಪರೀಕ್ಷೆ ಯಾರ ಜವಾಬ್ದಾರಿ ಎಂಬುದು ಮಾತ್ರ ತೆರೆದೇ ಉಳಿಯುತ್ತದೆ.

ಚಿಕಿತ್ಸೆಯಲ್ಲಿ ಎರಡು ಬಗೆಯ ಪರೀಕ್ಷೆಗಳಿವೆ, ಅವೆರಡನ್ನೂ ಒಂದೇ ಕಡೆ ಮಾಡಬೇಕೆಂದಿಲ್ಲ. ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟಿದೆಯೆಂದು ಅಳೆಯುವ ಪಿಸಿಆರ್ ಪರೀಕ್ಷೆಗೆ ವಿಶೇಷ ಪ್ರಯೋಗಾಲಯ ಬೇಕು, ಸ್ಥಿರವಾಗಿರುವವರಿಗೆ ಅದು ಮೂರರಿಂದ ಆರು ತಿಂಗಳಿಗೊಮ್ಮೆ ಸಾಕು. ಎಲ್‌ಎಫ್‌ಟಿ ಹಾಗಲ್ಲ. ಅದು ತಾಲ್ಲೂಕು ಮಟ್ಟದ ಸಾಮಾನ್ಯ ಪ್ರಯೋಗಾಲಯದಲ್ಲೂ ಆಗುವ ಕೆಲಸ, ಅದೇ ದಿನ ಫಲಿತಾಂಶ ಕೈಗೆ ಬರುತ್ತದೆ. ಮೊದಲನೆಯದನ್ನು ಬೆಂಗಳೂರಿಗೂ ಎರಡನೆಯದನ್ನು ಮದ್ದೂರು, ಮಳವಳ್ಳಿಗಳಿಗೂ ಹಂಚಿದರೆ ರೋಗಿಯ ಓಡಾಟ ಹೆಚ್ಚದೆ ನಿಗಾ ಹೆಚ್ಚುತ್ತದೆ. ಸಣ್ಣ ಊರಿನ ಪ್ರಯೋಗಾಲಯದ ಅಂಕಿಯನ್ನು ನಂಬಬಹುದೇ ಎಂಬ ಅನುಮಾನಕ್ಕೆ ಉತ್ತರವೂ ಇದರಲ್ಲೇ ಇದೆ: ಇಲ್ಲಿ ಬೇಕಿರುವುದು ದಶಮಾಂಶದ ನಿಖರತೆಯಲ್ಲ. 40 ಇದ್ದದ್ದು 200 ಆಗಿದೆಯೇ ಎಂದು ತಿಳಿಯಲು ಯಾವುದೇ ಸರಿಯಾದ ಯಂತ್ರ ಸಾಕು. ಪ್ರತಿಸಲ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ, ಚೀಟಿಗಳನ್ನು ಒಂದೇ ಕಡೆ ಇಟ್ಟುಕೊಂಡರೆ ಹೋಲಿಕೆಗೆ ಆಧಾರ ಸಿಗುತ್ತದೆ. ಕಡತದ ಮೊದಲ ಹಾಳೆಯಲ್ಲಿ ಔಷಧದ ಹೆಸರು, ಪ್ರಮಾಣ, ಹೆಪಟೈಟಿಸ್ ಬಿ ಪರೀಕ್ಷೆಯ ಫಲಿತಾಂಶ ಮತ್ತು ನಿಲ್ಲಿಸಬೇಕಾದ ಗಡಿ ಬರೆದಿದ್ದರೆ, ಔಷಧವನ್ನು ಕಂಡರಿಯದ ವೈದ್ಯರೂ ಸರಿಯಾದ ನಿರ್ಧಾರಕ್ಕೆ ಬರಬಲ್ಲರು.

ನೀರಾವರಿ ನಾಡಿನ ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳಲ್ಲಿ ಕೆಸರಿಗಿಳಿದು ದುಡಿಯುವವರಿಗೆ ಇಲಿಜ್ವರದ ಅಪಾಯವಿದೆ. ಅದರಲ್ಲಿ ಜ್ವರ, ಮೀನಖಂಡದ ತೀವ್ರ ನೋವು, ಕಾಮಾಲೆ ಒಟ್ಟಿಗೆ ಬರಬಹುದು. ಇಮಾಟಿನಿಬ್‌ನಿಂದಲೂ ಕಾಲಿನ ಸ್ನಾಯು ಸೆಳೆತ ಬಹಳ ಸಾಮಾನ್ಯ. ಕ್ಯಾನ್ಸರ್ ಮಾತ್ರೆಯ ತೊಂದರೆಯೆಂದು ಬಗೆದು ಬೆಂಗಳೂರಿನ ದಿನಾಂಕಕ್ಕೆ ಕಾದರೆ, ಪ್ರತಿಜೀವಕದಿಂದ ವಾಸಿಯಾಗುತ್ತಿದ್ದ ಇಲಿಜ್ವರ ಮೂತ್ರಪಿಂಡದವರೆಗೂ ಹೋಗಬಹುದು. ಜ್ವರದೊಂದಿಗೆ ಬಂದ ಕಾಮಾಲೆಯನ್ನು ಅದೇ ದಿನ ಹತ್ತಿರದ ಆಸ್ಪತ್ರೆಯಲ್ಲೇ ತೋರಿಸಬೇಕಾದುದು ಇದಕ್ಕೆ.

ಇಂದಿನ ಸ್ಥಿತಿ

2006ರಲ್ಲಿ ಆರಂಭವಾದ ಮಂಡ್ಯ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಕೇಂದ್ರ ಸರ್ಕಾರದ ಯೋಜನೆಯಡಿ ತೃತೀಯ ಹಂತದ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ ಮಂಜೂರಾಗಿದೆ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅಸಿಮಿನಿಬ್ ಎಂಬ ಹೊಸ ಔಷಧ ಬಿಸಿಆರ್-ಎಬಿಎಲ್‌ನ ಬೇರೊಂದು ಮೂಲೆಗೆ ಅಂಟಿಕೊಳ್ಳುವುದರಿಂದ ಉಳಿದ ಕಿಣ್ವಗಳನ್ನು ಅಷ್ಟಾಗಿ ಕಾಡುವುದಿಲ್ಲ. ಬೆಲೆಯಿಂದಾಗಿ ಅದು ಇಲ್ಲಿನ ಸಾಮಾನ್ಯ ರೋಗಿಗೆ ಇನ್ನೂ ದೂರ. ವರ್ಷಗಟ್ಟಲೆ ರೋಗ ಪತ್ತೆಗೇ ಸಿಗದಷ್ಟು ಇಳಿದವರಲ್ಲಿ ತಜ್ಞರ ನಿಗಾದಲ್ಲಿ ಮಾತ್ರೆ ನಿಲ್ಲಿಸುವ ಕ್ರಮವೂ ಬಂದಿದೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರೋಗ ಮರಳುವುದರಿಂದ ಮೊದಲ ತಿಂಗಳುಗಳಲ್ಲಿ ಪಿಸಿಆರ್ ಪದೇಪದೇ ಆಗಬೇಕು, ಹಾಗಾಗಿ ಪರೀಕ್ಷೆಗೆ ದೂರ ಹೋಗಬೇಕಾದವರಿಗೆ ಇದು ಕಷ್ಟದ ಆಯ್ಕೆ. ಔಷಧದ ಅಡ್ಡಪರಿಣಾಮಗಳನ್ನು ದಾಖಲಿಸಲು 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ವೈದ್ಯರಷ್ಟೇ ಅಲ್ಲದೆ ರೋಗಿಗಳೂ ನೇರವಾಗಿ ವರದಿ ಮಾಡಬಹುದು. ಉಚಿತ ದೂರವಾಣಿ ಸಂಖ್ಯೆ 1800-180-3024. ರೋಗಿಗಳು ತುಂಬಬೇಕಾದ ನಮೂನೆ ಕನ್ನಡದಲ್ಲೂ ಲಭ್ಯವಿದೆ.